ಗಿರಣಿಯ ಬೋರ್ಡು

ವರ್ಷಕ್ಕೊಮ್ಮೆ ಚಳ್ಳಕೆರೆ ಬಸ್ಸಿಳಿದು
ಬಣ್ಣದ ಡಬ್ಬಿ ಹಿಡಿದು ಬರುತ್ತಾನೆ ಪಾಲಯ್ಯ.
ದಿಲ್ಲಿಯಲ್ಲಿ ಅವನ ಒಂದು ಚಿತ್ರದ ದುಡ್ಡಿಗೆ
ನಮ್ಮ ಹಟ್ಟಿಯ ಅಷ್ಟೂ ಕುರಿ ಬರುತ್ತವಂತೆ.
ಇಲ್ಲಿ, ಈ ತಗಡಿಗೆ,
ಎರಡು ಸೇರು ನವಣೆ ಹಿಟ್ಟು. ಅದೇ ಹಳೇ ದರ.

ಹದಿನಾರರಲ್ಲಿ ಬರೆದದ್ದು:
‘ಓಬಳೇಶ್ವರ ಹಿಟಿನ ಗಿರಣಿ’.
ಒತ್ತು ಬಿಟ್ಟುಹೋಗಿತ್ತು, ಮಾವ ಬೈದಿದ್ದರು.
ಬಿಸಿಲು ತಿಂದ ಅಕ್ಷರದ ಮೇಲೆ
ಪ್ರತಿ ಸಲ ಅವನ ಕುಂಚ
ಮನೆಗೆ ಹೊರಟ ಎತ್ತಿನಂತೆ
ತಾನೇ ಜಾಡು ಹಿಡಿಯುತ್ತಿತ್ತು.

ಈ ಸಲ ಕೈ ನಡುಗಿತು.
ಏಣಿ ಹಿಡಿದವನು ಅವನು,
ಹತ್ತಿದವಳು ನಾನು,
ರಂಗೋಲಿ ಬಿಟ್ಟು ಬೇರೇನೂ ಬರೆಯದವಳು.
‘ಈಗಲಾದರೂ ಒತ್ತು ಕೊಡಲೇನಪ್ಪಾ?’
‘ಬ್ಯಾಡ ತಿಪ್ಪಕ್ಕ,
ಅದೇ ನನ್ನ ರುಜು.’

ಒಳಗೆ ಯಾರದೋ ಜೋಳ ಕಾಯುತ್ತಿತ್ತು.
ಇಳಿಯಲು ಮನಸ್ಸಾಗಲಿಲ್ಲ.