ತಗಡಿನ ಮೀನು

ಕೋಳಿಗೂಡಿನಿಂದ ತಂದದ್ದು.
ಆಡ್ರಿಯಾ ಪಟ್ಟಣದಾಚೆ, ಪೋ ನದಿ ಬಯಲಿಗೆ ಚೆಲ್ಲಿಕೊಳ್ಳುವ ಕಡೆ.
ಸೀಟಿನ ಗುಳಿಯಲ್ಲಿ ಹೇಂಟೆಯೊಂದು ಕಾವಿಗೆ ಕೂತಿತ್ತು;
ಎಬ್ಬಿಸಲು ಮಾಲೀಕ ಸುತರಾಂ ಒಪ್ಪಲಿಲ್ಲ.
"ಮರಿಯಾಗಲಿ, ಆಮೇಲೆ ಬನ್ನಿ. ಓಡಿಹೋಗುವ ಗಾಡಿಯಲ್ಲವಲ್ಲ ಇದು."
ಹನ್ನೊಂದು ದಿನ ಬಿಟ್ಟು ಹೋದೆ.

ಮೋಟೊ ಗುತ್ಸಿ ಫಾಲ್ಕೋನೆ, ಐವತ್ತಮೂರನೆಯ ಇಸವಿಯದು.
ಬಣ್ಣ ಕೆಂಪು ಅನ್ನುತ್ತಿತ್ತು ಕಾಗದ.
ನನಗೆ ಸಿಕ್ಕಿದ್ದು ಹಿಕ್ಕೆಯ ಬಿಳಿ, ತುಕ್ಕಿನ ಕಂದು,
ಮತ್ತೆ ಟ್ಯಾಂಕಿನೊಳಗೆ ಜೇನಿನಂತೆ ಗಟ್ಟಿಯಾಗಿ ಕೂತ
ಯಾವುದೋ ಬೇಸಗೆಯ ಪೆಟ್ರೋಲು.

ನಾನು ಮೆಕ್ಯಾನಿಕ್ ಅಲ್ಲ. ಇಪ್ಪತ್ತೊಂಬತ್ತು ವರ್ಷ
ರೊವಿಗೋದ ಕಿಟಕಿಯಿಲ್ಲದ ಕೋಣೆಯಲ್ಲಿ
ಕಟ್ಟುಹಲ್ಲು ಮಾಡಿದವಳು.
ಮುಖ ನೋಡದೆ ಬಾಯಿಗಳನ್ನು ಬಲ್ಲೆ.
ಕೂದಲೆಳೆಯಷ್ಟು ಎತ್ತರವಾದರೂ
ಮುದುಕರು ಊಟ ಬಿಟ್ಟು ಫೋನ್ ಮಾಡುತ್ತಿದ್ದರು:
"ಡೆಲ್ಫೀನಾ, ಇದು ನನ್ನ ಬಾಯಲ್ಲ."

ಹಾಗಾಗಿ ಗೇರು ಬಿಚ್ಚುವಾಗ ಅಂಜಲಿಲ್ಲ.
ಹಲ್ಲು ಹಲ್ಲೇ.
ನೀಲಿ ಬಳಿದು ತಿರುಗಿಸಿದೆ;
ಎಲ್ಲಿ ಕಚ್ಚುತ್ತದೆ, ಎಲ್ಲಿ ಬರಿದೆ ಸವರುತ್ತದೆ,
ಬಣ್ಣವೇ ಚಾಡಿ ಹೇಳಿತು.

ಅಕ್ಕ ಎರ್ಮೀದಾಳ ಒಲೆಯಲ್ಲಿ ಕ್ರ್ಯಾಂಕ್‌ಕೇಸು,
ಅವಳ ಫ್ರಿಜ್ಜಿನಲ್ಲಿ, ಬಟಾಣಿಯ ಪಕ್ಕ, ಬೇರಿಂಗು:
ಬಿಸಿಯದು ಹಿಗ್ಗಬೇಕು, ತಣ್ಣಗಿನದು ಕುಗ್ಗಬೇಕು,
ಆ ಅರೆ ನಿಮಿಷದಲ್ಲಿ ಒಂದರೊಳಗೊಂದು ಇಳಿಯಬೇಕು.
ಇಳಿಯಿತು. ಟಕ್ ಅಂತ ಕೂಡ ಅನ್ನಲಿಲ್ಲ.
ಆ ಭಾನುವಾರದ ಲಸಾನ್ಯಾಕ್ಕೆ ಮಾತ್ರ
ಎಂಜಿನ್ ಎಣ್ಣೆಯ ವಾಸನೆ. ಅಕ್ಕ ತಿಂದಳು,
ತಿಂದು ಎರಡು ದಿನ ಮಾತು ಬಿಟ್ಟಳು.

ಇದೆಲ್ಲಕ್ಕೂ ಮುಂಚೆ, ಬಿಚ್ಚುವಾಗಲೇ,
ಗೇರಿನ ದಂಡದ ತುದಿಯಲ್ಲಿ, ಇರಬೇಕಾದ ಉಕ್ಕಿನ ಬಿಲ್ಲೆಯ ಬದಲು
ಕತ್ತರಿಯಲ್ಲಿ ಕತ್ತರಿಸಿದ ತೆಳು ತಗಡೊಂದು ಸಿಕ್ಕಿತ್ತು.
ಒರೆಸಿದೆ. ಉಜ್ಜಾಟ ತಾಗದ ಅಂಚಿನಲ್ಲಿ ಹಳದಿ. ಇನ್ನೂ ಒರೆಸಿದೆ:
ಅರ್ಧ ಮೀನು, ಒಂದು ಕಣ್ಣು,
"ಸಾರ್ಡೀ" ಎಂಬಷ್ಟು ಅಕ್ಷರ.
ಅಕ್ಕ ಭೂತಗನ್ನಡಿ ಹಿಡಿದು ನೋಡಿದಳು:
"ಈ ಕಂಪನಿ ಮುಚ್ಚಿ ಯಾವ ಕಾಲವಾಯಿತು.
ಉಪ್ಪು ಜಾಸ್ತಿ ಹಾಕುತ್ತಿದ್ದರು."

ನಕ್ಕು, ಡ್ರಾಯರಿಗೆ ಎಸೆದೆ.
ಉಟ್ರೆಕ್ಟಿನ ಒಬ್ಬರಿಂದ ಸರಿಯಾದ ಬಿಲ್ಲೆ ತರಿಸಿದೆ,
ನಂಬರು ಕೆತ್ತಿದ್ದು, ಎಣ್ಣೆಕಾಗದದಲ್ಲಿ ಸುತ್ತಿದ್ದು,
ಮೂವತ್ತೆಂಟು ಯೂರೋ, ಅಂಚೆ ಖರ್ಚು ಬೇರೆ.
ಜೋಡಿಸಿದೆ. ಮೂರನೆಯ ಗೇರು ಹಲ್ಲು ಕಡಿಯಿತು.
ಬಿಚ್ಚಿದೆ, ಅಳೆದೆ, ಜೋಡಿಸಿದೆ. ಕಡಿಯಿತು.
ಪುಸ್ತಕದ ಅಳತೆ ಸರಿ, ಬಿಲ್ಲೆಯ ಅಳತೆ ಸರಿ;
ಕೇಸು ಮಾತ್ರ ಎಪ್ಪತ್ತು ವರ್ಷದಲ್ಲಿ
ತನಗೆ ತೋಚಿದಂತೆ ಸವೆದಿತ್ತು.
ಇದು ನನ್ನ ಬಾಯಲ್ಲ, ಅನ್ನುತ್ತಿತ್ತು.

ನಾಲ್ಕನೆಯ ಸಲ ಡ್ರಾಯರು ಎಳೆದೆ.
ಮೈಕ್ರೊಮೀಟರಿನ ದವಡೆಗೆ ಮೀನು ಕೊಟ್ಟೆ:
ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಹತ್ತೊಂಬತ್ತು.
ಬೇಕಾಗಿದ್ದದ್ದೂ ಹತ್ತೊಂಬತ್ತೇ.
ಯಾರಪ್ಪಾ ನೀನು?
ಯಾವ ಗದ್ದೆಯ ಬದುವಿನಲ್ಲಿ ಕೂತು, ಊಟ ಮುಗಿಸಿ,
ಡಬ್ಬಿ ನೆಕ್ಕಿ, ಯಾರ ಮನೆಯ ಕತ್ತರಿ ಕೇಳಿ ತಂದೆ?
ಅಳೆಯಲು ಏನಿತ್ತು ನಿನ್ನ ಹತ್ತಿರ, ಹೆಬ್ಬೆರಳಿನ ಹೊರತು?

ಏಳು ಪದರ ಕೆಂಪಿನ ಬಗ್ಗೆ ಬರೆಯಬೇಕಿತ್ತು,
ಮಡ್‌ಗಾರ್ಡಿನ ಹೊಳಪಿನ ಬಗ್ಗೆ. ಮನಸ್ಸಿಲ್ಲ.

ಏಪ್ರಿಲ್ಲಿನ ಬೆಳಗ್ಗೆ.
ಕಿಡಿಯನ್ನು ತಡಮಾಡು, ಕವಾಟದ ಹಿಡಿ ಎತ್ತು, ಒದೆ.
ಒದೆ. ಒದೆ. ಅಕ್ಕ ಕಿಟಕಿ ಮುಚ್ಚಿದಳು. ಒದೆ.
ಆಗ ಹೊರಗಿನ ಆ ದೊಡ್ಡ ಫ್ಲೈವೀಲು,
ಅಂಗಡಿಯಲ್ಲಿ ಹ್ಯಾಮ್ ಕೊಯ್ಯುವ ಚಕ್ರದಂಥದ್ದು,
ಹಿಮ್ಮುಖವಾಗಿ ಸುತ್ತತೊಡಗಿತು. ಇದರ ಜಾಯಮಾನವೇ ಹಾಗೆ,
ಗಾಡಿ ಮುಂದೆ ಹೋಗಲು ಅದು ಹಿಂದಕ್ಕೆ ತಿರುಗುತ್ತದೆ.
ಡುಂ. ನಡುವೆ ಒಂದು ಮರೆವು. ಡುಂ.

ಮೂರನೆಯ ಗೇರು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿತ್ತು.
ಕಾಲುವೆ ದಂಡೆಯ ದಾರಿಯಲ್ಲಿ ಲೊರೇಯೊವರೆಗೆ ಹೋದೆವು.
ಹಿಂದೆ ಕೂತ ಅಕ್ಕ ಸೊಂಟ ಬಳಸಿ ಹಿಡಿದು ಕೂಗಿದಳು:
"ಹಾಗಾದರೆ ಆ ಉಟ್ರೆಕ್ಟಿನದನ್ನು ಏನು ಮಾಡುತ್ತೀ?"
ಗಾಳಿಗೆ ನನ್ನ ಉತ್ತರ ಅವಳಿಗೆ ಕೇಳಿಸಲಿಲ್ಲ.
ನನಗೂ ಅಷ್ಟಾಗಿ ಗೊತ್ತಿರಲಿಲ್ಲ.