ಎರಡು ಮೀಟರಿನ ಕರಾರು

ವಿದ್ಯುತ್ ಕಂಪನಿಯ ಕಾಗದ ಹೇಳಿದ್ದು ಇಷ್ಟೇ:
ತಂತಿಯ ಕೆಳಗಿನ ನೆಲ ನಿಮ್ಮದಲ್ಲ, ಬೆಳೆ ನಿಮ್ಮದು.
ಎರಡು ಮೀಟರಿಗಿಂತ ಎತ್ತರಕ್ಕೆ
ಏನೂ ಏಳಕೂಡದು.

ಸತುರ್ನೀನಾ ಹೆಬ್ಬೆಟ್ಟು ಒತ್ತುತ್ತ ನಕ್ಕಳು:
"ನಮ್ಮ ಮನೆಯಲ್ಲಿ ಅಷ್ಟೆತ್ತರ
ಬೆಳೆದವರಾದರೂ ಯಾರಿದ್ದಾರಪ್ಪ!"

ಲಿಮಾದ ತೆಂಕಣ ತುದಿ, ಬೋಳು ಗುಡ್ಡ.
ಮಳೆಯಿಲ್ಲ. ಮಂಜು ಬಂದು ಬಾಗಿಲಲ್ಲೇ ನಿಂತು
ಒಗೆದದ್ದನ್ನು ಒಣಗಗೊಡದು.
ಆ ವರ್ಷ ಅದೇ ನಮ್ಮ ಹೊಟ್ಟೆಗೆ
ತಣ್ಣೀರು ಬಟ್ಟೆ.

ಮೊದಲ ದಿನ ಗುದ್ದಲಿಗೆ ಸಿಕ್ಕಿದ್ದು
ಬಾಟಲಿ ಚೂರು, ಗೊಂಬೆಯೊಂದರ ಕೈ.
ಮಣ್ಣು ಸಿಗಲಿಲ್ಲ.
ಮಾಡಿಕೊಳ್ಳಬೇಕಾಯಿತು, ಹಿಟ್ಟು ನಾದಿದ ಹಾಗೆ.
ಸಂತೆಯ ಹಮಾಲ ಎಲಾದಿಯೊ
ಕೋಸಿನ ಹೊರ ಎಲೆಗಳ ಮೂಟೆ ಹೊತ್ತು ತಂದ,
ಗಿನಿಯಿಲಿ ಸಾಕುವ ತೊರಿಬಿಯಾ ಗೂಡು ಗುಡಿಸಿ ಕಳಿಸಿದಳು.
ಟ್ಯಾಂಕರಿನವನು ಮಾತ್ರ ಲೆಕ್ಕದ ಮನುಷ್ಯ:
ಒಂದು ಡ್ರಮ್ಮು ನೀರಿಗೆ ಎರಡು ಕಟ್ಟು ಸೊಪ್ಪು.
ಅದೂ ಇನ್ನೂ ಮೊಳೆಯದ ಸೊಪ್ಪು.
ನಂಬಿದನಲ್ಲ, ಮಹರಾಯ.

ಕಚೇರಿಯವರು ಬಂದು ಇದಕ್ಕೆಲ್ಲ
'ಸಹಭಾಗಿತ್ವ' ಎಂದು ಹೆಸರಿಟ್ಟು
ಬೋರ್ಡು ನೆಟ್ಟು ಹೋದರು.
ಬಟಾಣಿ ಬಳ್ಳಿಗೆ ಹತ್ತಲು ಒಳ್ಳೆಯದಾಯಿತು.

ಹಸಿವಿನ ಮಾತು ನಾವು ಆಡುವುದಿಲ್ಲ.
ಮಕ್ಕಳನ್ನು ಬೆಳಕಿರುವಾಗಲೇ ಮಲಗಿಸುತ್ತಿದ್ದೆವು,
ಚಕ್ಕೆ ಹಾಕಿ ಕುದಿಸಿದ ನೀರನ್ನು
ಸಾರು ಅನ್ನುತ್ತಿದ್ದೆವು, ಅಷ್ಟೆ.
ಕೇರಿಯ ಹಂಡೆಯಲ್ಲಿ ನಲವತ್ತನೆಯ ಬಟ್ಟಲಿಗೇ
ಸೌಟು ತಳ ಕೆರೆಯುತ್ತಿತ್ತು.
ಆ ಸದ್ದಿಗೆ ಸಾಲಿನ ಹಿಂದಿದ್ದವರು
ಬಟ್ಟಲನ್ನು ಸೆರಗಿನೊಳಗೆ ಮರೆಮಾಡಿ
ಬೇರೇನೋ ಕೆಲಸಕ್ಕೆ ಬಂದವರಂತೆ ಹೊರಡುತ್ತಿದ್ದರು.

ಕೆಂಪು ಬೀಟ್‌ರೂಟು, ಅಗಲ ಎಲೆಯ ಅಸೆಲ್ಗಾ ಬಿದ್ದ ಮೊದಲ ದಿನ
ಅರವತ್ತನಾಲ್ಕನೆಯ ಬಟ್ಟಲೂ ತುಂಬಿತು.
ಸೌಟು ಇನ್ನೂ ಮುಳುಗುತ್ತಿತ್ತು.
ಮುಂದೇನು ಮಾಡುವುದೆಂದು ಯಾರಿಗೂ ತಿಳಿಯದೆ
ಸ್ವಲ್ಪ ಹೊತ್ತು ಎಲ್ಲರೂ ಹಂಡೆಯನ್ನೇ ನೋಡಿದೆವು.
ಮೇಲೆ ತಂತಿ ಗುಂಯ್ಗುಡುತ್ತಿತ್ತು.
ಟ್ಯಾಂಕರಿನವನು ಕೆಳಗಿಳಿದು
"ನನಗೂ ಒಂದಿಷ್ಟು" ಅಂದ.

ಮೊನ್ನೆ ಕಂಪನಿಯ ಹುಡುಗ ಬಂದ, ಟೇಪು ಹಿಡಿದು.
ಯಾರೂ ಬಿತ್ತದ ಸೂರ್ಯಕಾಂತಿಯೊಂದು
ಪಾತಿಯಂಚಿನಲ್ಲಿ ಕತ್ತು ಚಾಚಿ ನಿಂತಿತ್ತು,
ಎರಡು ಮೀಟರಿನ ಮೇಲೆ ಒಂದು ಗೇಣು.
ಸತುರ್ನೀನಾ ಕುಡುಗೋಲು ತರಲು ಎದ್ದಳು.
ಹುಡುಗ ಹೂವನ್ನು ನೋಡಿದ, ಹಂಡೆಯನ್ನು ನೋಡಿದ.
ಟೇಪಿನ ತುದಿಯನ್ನು ನೆಲಕ್ಕೆ ಇಡಲಿಲ್ಲ,
ಪಾತಿಗೆ ಕಟ್ಟಿದ ಕಲ್ಲಿನ ತಲೆಯ ಮೇಲಿಟ್ಟು
ನಿಧಾನಕ್ಕೆ ಅಳೆದು
ಬರೆದುಕೊಂಡ.