ನೇರಳೆ ಹಾಜರಿ

ಬರಿಗೈಲೆ ಕಾಗದ ಮುಟ್ಟಬ್ಯಾಡ ನೀಲವ್ವ,
ಮೊದಲ ದಿನ ಗಾಡಗೀಳ ಸರ್ ಹೇಳಿದ್ದು ಇಷ್ಟ.
ಇಪ್ಪತ್ತೊಂಬತ್ತು ವರ್ಷ ಚಿಮಟಿಗಿಲೇನ ಹಿಡಿದೆ.
ಹುಡುಗರು ಬಂದರು ಹೋದರು, ನಾ ನೀಲಾ ಮಾವಶಿಯಾದೆ.

ದಾಪೋಡಿ ಬಸ್ಸಿನಾಗ ಸೆರಗಿಗೆ ಬ್ಯುಟನಾಲಿನ ನಾತ.
ಬಾಜೂಕಿನಾಕಿ ಮೂಗು ಮುಚ್ಚಿ ಜರಗತಾಳ.
ನನಗ ಸೀಟು ಸಿಗತದ.

ಗಾಜಿನ ಪೆಟ್ಟಿಗಿ, ತಳಕ್ಕ ಬೆರಳಷ್ಟು ದ್ರಾವಣ,
ಅದಕ್ಕ ಅಂಚು ಅದ್ದಿದ ಕಾಗದ.
ಪೆನ್ಸಿಲಿನ ಗೆರಿ; ಶಾಯಿ ಬ್ಯಾಡ, ಶಾಯಿನೂ ಓಡತದ.
ಗೆರಿ ಮ್ಯಾಲ ಸೂಜಿಮೊನಿಯಷ್ಟು ಹನಿ.
ರಾತ್ರಿ ಪೂರಾ ಹಸಿ ಏರತದ,
ಪುಣೆ ಮಲಗಿದಾಗ, ಕಾವಲುಗಾರ ಮಲಗಿದಾಗ.

ಲ್ಯೂಸಿನ್ ಎಣ್ಣಿಮೈಯಾಂವ, ನೀರಂದರ ಆಗೂದಿಲ್ಲ,
ಬ್ಯುಟನಾಲಿನ ಹೆಗಲೇರಿ ತುದಿ ಮುಟ್ಟತಾನ.
ಧನ ಹೊತ್ತ ಲೈಸಿನ್,
ಋಣ ಹೊತ್ತ ಆಸ್ಪಾರ್ಟಿಕ್,
ಇಬ್ಬರೂ ನೀರಿನ ಕೈ ಬಿಡವಲ್ಲರು, ಕೆಳಗ ಉಳೀತಾರ.
ಗ್ಲೈಸಿನ್ ಎಲ್ಲಾರಕಿಂತ ಸಣ್ಣಾಕಿ.
ಒಂದು ಕೈಯಾಗ ಧನ, ಒಂದು ಕೈಯಾಗ ಋಣ,
ಹುಳಿ ಹದಕ್ಕ ಬಂದರ ಕೂಡಿ ಕಳದು ಸೊನ್ನಿ,
ಕರೆಂಟು ಹಚ್ಚಿದರೂ ಅತ್ತ ಇಲ್ಲ, ಇತ್ತ ಇಲ್ಲ:
ಇಪ್ಪತ್ತೆಂಟನೇ ತಾರೀಖಿನ ನನ್ನ ಪಾಸ್‌ಬುಕ್ಕು.

ಇಷ್ಟೆಲ್ಲ ನಡದರೂ ಮುಂಜಾನಿ ಕಾಗದ ಬೆಳ್ಳಗ.
ಒಣಗಿಸಿ, ನಿನ್‌ಹೈಡ್ರಿನ್ ಸಿಂಪಡಿಸಿ,
ಕಾದ ಒಲಿಯಾಗ ಐದು ಮಿನಿಟು.
ಆಮ್ಯಾಲ ಒಬ್ಬೊಬ್ಬರ
ನೇರಳೆಹಣ್ಣು ಕದ್ದು ತಿಂದ ಹುಡುಗರು
ನಾಲಿಗಿ ತೋರಿಸಿದಂಗ.
ಪ್ರೋಲಿನ್ ಮಾತ್ರ ಹಳದಿ.
ತನ್ನ ಸೆರಗ ತನ್ನ ಕೈಗೆ ಸುತಗೊಂಡಾಕಿ,
ಸರಪಣಿ ಆಕಿ ಹತ್ರ ಬಂದು ಡೊಂಕಾಗತದ.

ಮೃಣ್ಮಯಿ ಅಂಬೋ ಹುಡುಗಿ ಒಮ್ಮೆ ನನ್ನ ಕೂದಲ ಕೇಳಿದ್ಲು.
ಕರೀದೊಂದಿಷ್ಟು, ಬಿಳೀದೊಂದಿಷ್ಟು ಕೊಟ್ಟೆ.
ಹಗಲೂ ರಾತ್ರಿ ಆಸಿಡ್ಡಿನಾಗ ಕುದಿಸಿದ್ಲು,
ನೂರಾಹತ್ತು ಡಿಗ್ರಿ.
ಎರಡಕ್ಕೂ ಅವ ಚುಕ್ಕಿ, ಅದ ಸಾಲು,
ವಯಸ್ಸು ಎಲ್ಲೂ ಕಾಣಲಿಲ್ಲ.
ಟ್ರಿಪ್ಟೋಫ್ಯಾನ್ ಬರಲಿಲ್ಲ ನೋಡು ಮಾವಶಿ, ಅಂದ್ಲು,
ಇತ್ತು, ಆಸಿಡ್ ತಿಂದುಬಿಟ್ಟತು.
ಹಂಗಾದರ ಪುಸ್ತಕದಾಗ ಏನಂತ ಬರೀತಿ,
ಗೈರುಹಾಜರಂತ?
ಆಕಿ ಪೆನ್ನಿನ ಟೊಪಗಿ ಕಡಕೋತ ಕುಂತ್ಲು.

ಹೋದ ತಿಂಗಳ ಬಾಗಲಿಗೆ ಮಷೀನು ಬಂತು.
ಹೆಬ್ಬೆರಳಿಟ್ಟೆ. ಕೆಂಪು ದೀಪ.
ಸೀರಿಗೆ ಒರಸಿ ಇಟ್ಟೆ. ಕೆಂಪು.
ಎಡಗೈದಿಟ್ಟೆ.
ಬಾಟ್ಲಿ ತೊಳದು ತೊಳದು ಗೆರಿ ಸವದಾವಂತ.
ಕ್ಲಾರ್ಕು ಪೋಂಕ್ಷೆ ಪಾಪದವನ. ಅಂದ:
ಮಾವಶಿ, ನೀವು ನೀವ ಅನ್ನಲಿಕ್ಕ ಏನರ ಆಧಾರ ಬೇಕಲ್ಲ.
ಪೆನ್ಶನ್ನಿಗೆ ಹನ್ನೊಂದು ದಿನ ಬಾಕಿ.

ಸಂಜಿಮುಂದ ಲ್ಯಾಬ್ ಖಾಲಿ.
ಹೊಸಾ ಕಾಗದ ತಗೊಂಡೆ.
ಚಿಮಟಿಗಿ ಡ್ರಾವರಿನಾಗ ಇಟ್ಟು ಮುಚ್ಚಿದೆ.
ಹಣಿ ಬೆವರಿಗೆ ಹೆಬ್ಬೆರಳ ತೀಡಿ
ನಟ್ಟನಡುವ ಒತ್ತಿದೆ, ಎಣಿಸಿ ಹತ್ತು.
ಗಾಡಗೀಳ ಸರ್ ಫೋಟೋದಾಗಿಂದ ನೋಡತಿದ್ರು,
ನೋಡಲಿ.

ಸಿಂಪಡಿಸಿದೆ. ಒಲಿಗಿಟ್ಟೆ.
ಮೂರನೇ ಮಿನಿಟಿಗೆ ಬಂತು,
ಬೆವರಿನ ಸೆರಿನ್, ಬೆವರಿನ ಗ್ಲೈಸಿನ್,
ಅಲ್ಲಲ್ಲಿ ಹರಕು,
ಒಂದು ಕಡೆ ಪೂರಾ ಬೋಳು, ಅದು ಆ ವರ್ಷ ಸುಟ್ಟದ್ದು,
ಸುತ್ತಲೂ ಸುರುಳಿ ಸುರುಳಿ ನೇರಳೆ.

ಕೆಳಗ ಪೆನ್ಸಿಲಿನಿಂದ ತಾರೀಖು ಬರದು
ಪೋಂಕ್ಷೆ ಟೇಬಲ್ಲಿನ ಮ್ಯಾಲಿಟ್ಟೆ.
ಅಂವ ಕೈ ಚಾಚಿದ.
ತಡೀರಿ, ಅಂದೆ,
ಬರಿಗೈಲೆ ಮುಟ್ಟಬ್ಯಾಡ್ರಿ,
ನಿಮ್ಮದೂ ಮೂಡತದ.